ಪೊಲಿ ಅಂದರೆ ಏನು ಅಂತ ಮಗ ಕೇಳಿದ, ನನಗೆ ಗೊತ್ತಿರಲಿಲ್ಲ

ಬೈಲುಗದ್ದೆ
ಎಲ್ಲರಿಗೂ ನಮಸ್ಕಾರ. ಪುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬ, ಮುಗಿಸಿ ಮೈಸೂರಿಗೆ ಬಂದು ನಾಲ್ಕು ದಿನ ಆಯಿತು. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ.

ನಮ್ಮ ಐನ್‌ಮನೆ (ಮನೆತನದ ಮೂಲಮನೆ) ಗೋಣಿಕೊಪ್ಪದ ಆಚೆ. ಈ ಸಲ ಒಕ್ಕದವರು, ಅಂದರೆ ಮನೆತನದವರು, ಸುಮಾರು ನಲವತ್ತು ಜನ ಸೇರಿದ್ದೆವು. ನೆಲ್ಲಕ್ಕಿ ಬೊಳ್ಚದ (ನಡುಮನೆಯ ದೀಪದ) ಮುಂದೆ ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟಿ, ರಾತ್ರಿ ಗದ್ದೆಗೆ ಇಳಿದೆವು. ಕೋವಿಯಿಂದ ಗುಂಡು ಹಾರಿಸಿದರು. ಬಲ್ಯಪ್ಪ, ಅಂದರೆ ದೊಡ್ಡಪ್ಪ, ಕದಿರು ಕೊಯ್ದರು. 'ಪೊಲಿ ಪೊಲಿ ದೇವಾ' ಅಂತ ಎಲ್ಲರೂ ಕೂಗಿದೆವು. ನನ್ನ ಒಂಬತ್ತು ವರ್ಷದ ಮಗನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ವಾಪಸ್ ಬರುವಾಗ ಬದುವಿನ ಮೇಲೆ ನನ್ನ ಸೆರಗು ಹಿಡಿದುಕೊಂಡು ನಡೆಯುತ್ತಾ ಕೇಳಿದ: "ಅಮ್ಮ, ಪೊಲಿ ಅಂದ್ರೆ ಪೊಲೀಸಾ?"

ಗುಂಡು ಹಾರಿಸಿದ್ದರಲ್ಲ, ಅವನ ಲೆಕ್ಕ ಸರಿಯಾಗಿಯೇ ಇತ್ತು. ಹಿಂದೆ ಮುಂದೆ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ "ಮತ್ತೆ ಏನು?" ಅಂತ ಅವನು ಕೇಳಿದಾಗ ಬಾಯಿ ಕಟ್ಟಿತು. ನನಗೆ ನಲವತ್ತೊಂದು ವರ್ಷ. ಬುದ್ಧಿ ಬಂದಾಗಿನಿಂದ ಕೂಗಿದ್ದೇನೆ. ಅರ್ಥ ಗೊತ್ತಿಲ್ಲ ಅನ್ನುವುದು ಕೂಡ ಗೊತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕಲಸಿಕೊಂಡು ನಡೆಯುತ್ತದೆ. ನಾನೂ ಗಂಡನೂ ಕೊಡವರೇ, ಆದರೆ ಇಬ್ಬರೂ ಹಾಸ್ಟೆಲ್‌ನಲ್ಲಿ ಬೆಳೆದವರು. ನಾನಿದ್ದ ಕಡೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಒಂದು ರೂಪಾಯಿ ದಂಡ. ನಾನೂ ನನ್ನ ಚಿಕ್ಕಪ್ಪನ ಮಗಳೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೊಡವ ತಕ್ಕ್‌ನಲ್ಲಿ (ಕೊಡವ ಭಾಷೆಯಲ್ಲಿ) ಪಿಸುಗುಟ್ಟುತ್ತಿದ್ದೆವು. ಆಮೇಲೆ ಅದೂ ನಿಂತು ಹೋಯಿತು. ಯಾವಾಗ ಅಂತ ನೆನಪಿಲ್ಲ.

ಅರ್ಥ ಗೊತ್ತಿಲ್ಲದೆ ಕೂಗಿದರೂ ಹಬ್ಬ ಹಬ್ಬವೇ ಅಲ್ವಾ? ಇಲ್ಲ ನಾನು ಮಗನಿಗೆ ಬರೀ ಸಿಪ್ಪೆ ಕೊಡುತ್ತಿದ್ದೇನಾ?

ಹಾದಿಹೋಕ
ಮಗ ಹೇಳಿದ್ದೇ ಸರಿ. ಪುತ್ತರಿ ರಾತ್ರಿ ಎರಡು ಪೆಗ್ ಹಾಕಿ ಜೀಪ್ ಓಡಿಸಿ ನೋಡಿ, ಪೊಲಿ ಅಂದರೆ ಪೊಲೀಸೇ.

ಕಾಫಿಕಣ
ತಂಗಿ, ಪೊಲಿ ಅಂದರೆ ಹೆಚ್ಚಲಿ, ತುಂಬಿ ಬರಲಿ ಅಂತ. 'ಬೆಳೆ ಹೆಚ್ಚಾಗಲಿ ದೇವರೇ' ಅಂತ ಕೇಳಿಕೊಳ್ಳುವುದು. ಅಷ್ಟೇ.

ಆದರೆ ನೀವು ಅರ್ಥದ ಬಗ್ಗೆ ಕೊರಗಬೇಡಿ. ನಾನೂ ಯಾರನ್ನೂ ಕೇಳಿ ಕಲಿತವನಲ್ಲ. ನಾಪೋಕ್ಲು ಕಡೆ ನಮಗೆ ಮನೆ ಮುಂದೆ ಇಡೀ ಬೈಲು ಗದ್ದೆ ಇತ್ತು. ಏರು ಕಟ್ಟುವುದು, ಅಗೆ ಕೀಳುವುದು, ನಾಟಿ, ನಾಟಿ ಓಟ, ಕೊಯ್ಲು, ಬಡಿಯುವುದು. ಆರು ತಿಂಗಳು ಅದೇ ಮಾತು, ಅದೇ ಬೈಗುಳ. ಪೊಲಿ ಅನ್ನುವ ಪದ ಆ ಮಾತುಗಳ ಮಧ್ಯೆ ಕೂತಿತ್ತು, ಅದಕ್ಕೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಈಗ ಆನೆ ಕಾಟ, ಆಳಿಲ್ಲ, ಖರ್ಚು ಹುಟ್ಟುವುದಿಲ್ಲ. ಬೈಲು ಪಾಳು. ಪುತ್ತರಿಗೆ ಕದಿರು ಬೇಕಲ್ಲ ಅಂತ ಒಂದು ತುಂಡು ಗದ್ದೆ ಮಾತ್ರ ಮಾಡುತ್ತೇವೆ. ಉಳಿದದ್ದು ಕಾಫಿ, ಕರಿಮೆಣಸು. ಕಾಫಿ ತೋಟದಲ್ಲಿ ನಾನು ದಿನವಿಡೀ ಆಡುವ ಪದ ಎಣಿಸಿ ನೋಡಿದೆ: ಬ್ಲಾಸಮ್ ಶವರ್, ಬ್ಯಾಕಿಂಗ್, ಪಲ್ಪರ್, ಪಾರ್ಚ್‌ಮೆಂಟ್, ಚೆರಿ, ಸ್ಪ್ರಿಂಕ್ಲರ್. ಇದರಲ್ಲಿ ಕೊಡವ ಎಲ್ಲಿದೆ? ನೇಗಿಲು ಅಟ್ಟ ಸೇರಿತು, ಅದರ ಒಂದೊಂದು ಭಾಗದ ಹೆಸರೂ ಅದರ ಜೊತೆಗೇ ಅಟ್ಟ ಸೇರಿತು. ನನ್ನ ಮಗನಿಗೆ ನೊಗ ಗೊತ್ತು, ನೊಗದ ಹಗ್ಗದ ಹೆಸರು ಗೊತ್ತಿಲ್ಲ. ಹೇಳಿಕೊಟ್ಟರೂ ಅದನ್ನು ಎಲ್ಲಿ ಬಳಸುತ್ತಾನೆ? ಭಾಷೆ ಹೋಗಿ ಸಂಸ್ಕೃತಿ ಹೋಯಿತು ಅಂತ ಎಲ್ಲರೂ ಹೇಳುತ್ತಾರೆ. ನಾನು ನೋಡಿದ ಹಾಗೆ ಮೊದಲು ಹೋಗಿದ್ದು ಕೆಲಸ.

ಪದಬೇಟೆ
ಕಾಫಿಕಣ ಅವರು ಹೇಳಿದ ಅರ್ಥ ಸರಿ. ಒಂದು ಮಜಾ ಸೇರಿಸುತ್ತೇನೆ. ಪೊಲಿ ಕೊಡವರದ್ದು ಮಾತ್ರ ಅಲ್ಲ. ತುಳುವಿನಲ್ಲಿ ಪೊಲಿ ಇದೆ, ಹೆಚ್ಚಳ, ಬಡ್ಡಿ ಅನ್ನುವ ಅರ್ಥದಲ್ಲಿ. ತಮಿಳು, ಮಲಯಾಳದಲ್ಲೂ ಇದೆ. ಕನ್ನಡದಲ್ಲಿ ಒಂದು ಕಾಲದಲ್ಲಿ ಪದದ ಶುರುವಿನ ಪ ಹೆಚ್ಚಾಗಿ ಹ ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಪೊಲಿ ಕೂಡ 'ಹೊಲಿ' ಆಗಬೇಕಿತ್ತು.

ಪುತ್ತರಿಯನ್ನೂ ಹಾಗೆಯೇ ಹುತ್ತರಿ ಮಾಡಿದ್ದೇವೆ. ಪುತ್ತರಿ ಅಂದಾಗ ಒಳಗೆ 'ಹೊಸ' ಮತ್ತು 'ಅರಿ', ಅಂದರೆ ಅಕ್ಕಿ, ಎರಡೂ ಕೇಳಿಸುತ್ತದೆ. ಹೊಸ ಅಕ್ಕಿಯ ಹಬ್ಬ. ಹುತ್ತರಿ ಅಂದಾಗ ಏನೂ ಕೇಳಿಸುವುದಿಲ್ಲ, ಹುತ್ತ ನೆನಪಾಗುತ್ತದೆ.

ಕಡಲಕರೆ
ಅಯ್ಯೋ ದೇವರೇ! ನಾನು ಕುಂದಾಪ್ರದವಳು, ಕುಶಾಲನಗರದಲ್ಲಿ ಕೆಲಸ. ನಮ್ಮೂರಲ್ಲಿ ದೀಪಾವಳಿಗೆ ಗದ್ದೆಗೆ ದೀಪ ಇಟ್ಟು 'ಹೊಲಿ' ಅಂತ ಕೂಗುತ್ತಾರೆ! ನಾನು ಇಷ್ಟು ವರ್ಷ ಅದು ಹೊಲಕ್ಕೆ ಸಂಬಂಧಪಟ್ಟಿದ್ದು ಅಂದುಕೊಂಡಿದ್ದೆ. ಮೈ ಜುಂ ಅಂತು.

ಸೋಮವಾರಪೇಟೆಯವ
ನಮ್ಮ ಕಡೆ ಕಣದಲ್ಲಿ ಭತ್ತ ಅಳೆಯುವಾಗ ಅಜ್ಜ 'ಒಂದು' ಅನ್ನುತ್ತಿರಲಿಲ್ಲ. 'ಲಾಭ' ಅಂತ ಶುರು ಮಾಡಿ ಆಮೇಲೆ ಎರಡು, ಮೂರು. ಪದ ಬೇರೆ, ಆಸೆ ಒಂದೇ.

ಸಿದ್ದಾಪುರದಿಂದ
ನಮ್ಮ ಮನೆ ಮಾತು ಮಲಯಾಳ. ಅಜ್ಜ ಕಣ್ಣೂರು ಕಡೆಯಿಂದ ಬಂದವರು. ಇಲ್ಲಿ ನನಗೆ ದಿನಸಿ ಅಂಗಡಿ. ಈಗಿನ ಮಲಯಾಳಿ ಹುಡುಗರು ಯಾವುದು ಚೆನ್ನಾಗಿದ್ದರೂ 'ಪೊಳಿ' ಅನ್ನುತ್ತಾರೆ. ಅದು ಇದಲ್ಲ, ಅದರಲ್ಲಿ ಳ. ಬೈಲುಗದ್ದೆಯವರ ಮಗ ಕೇರಳಕ್ಕೆ ಹೋದರೆ ಗೊಂದಲ ಆಗಬಾರದು ಅಂತ ಹೇಳಿದೆ.

ನಾನು ಕೊಡವನಲ್ಲ. ಆದರೆ ಕೊಡವ ತಕ್ಕ್ ನೀರು ಕುಡಿದ ಹಾಗೆ ಬರುತ್ತದೆ. ಅಂಗಡಿಯ ಕಟ್ಟೆ ಮೇಲೆ ಕಲಿತದ್ದು. ವಯಸ್ಸಾದ ಕೊಡವತಿಯರು ಬಂದರೆ ಒಂದು ಗಂಟೆ ಕೂತು ಮಾತಾಡುತ್ತಾರೆ, ಅಡುಗೆಗೆ ಹಾಕುವ ಹುಳಿ ಕಾಚಂಪುಳಿ ಈ ವರ್ಷ ಹೇಗೆ ಬಂತು ಅನ್ನುವುದರಿಂದ ಹಿಡಿದು ಸೊಸೆ ತನಕ. ಅವರ ಮೊಮ್ಮಕ್ಕಳಿಗೆ ನಾನು ಕೊಡವ ತಕ್ಕ್‌ನಲ್ಲಿ ಏನು ಬೇಕು ಅಂತ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ. ಮಾತು ನನ್ನ ಹತ್ತಿರ ಇದೆ, ಐನ್‌ಮನೆ ಅವರ ಹತ್ತಿರ ಇದೆ. ಯಾರದು ದೊಡ್ಡ ನಷ್ಟ ಅಂತ ನಾನು ಹೇಳುವುದಿಲ್ಲ, ಅಜ್ಜಿಯರೂ ಮೊಮ್ಮಕ್ಕಳೂ ನನ್ನ ಗಿರಾಕಿಗಳು.

ಮಂಜಿನೂರು
ಎಲ್ಲರೂ ಪದದ ಚಂದ ನೋಡಿ ಖುಷಿ ಪಡುತ್ತಿದ್ದೀರಿ. ಲೆಕ್ಕ ನೋಡಿ. 2001ರ ಜನಗಣತಿಯಲ್ಲಿ ಕೊಡವ ತಕ್ಕ್ ತಾಯಿನುಡಿ ಅಂದವರು 1,66,187. 2011ರಲ್ಲಿ 1,13,857. ಹತ್ತು ವರ್ಷದಲ್ಲಿ ಐವತ್ತು ಸಾವಿರ ಜನ ಸತ್ತರಾ? ಇಲ್ಲ. ಮನೆಗೆ ಬಂದ ಗಣತಿಯವರು ಕೇಳಿದಾಗ ಸುಮ್ನೆ 'ಕನ್ನಡ' ಅಂದುಬಿಟ್ಟರು. ಶಾಲೆ ಕನ್ನಡ, ಆಫೀಸು ಕನ್ನಡ, ಬಸ್ಸಿನ ಬೋರ್ಡು ಕನ್ನಡ. 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದಾಗಲೇ ಇದು ಶುರು ಆಯಿತು. ಕನ್ನಡ ನುಂಗಿತು ಅನ್ನಲು ಯಾಕೆ ಹೆದರಿಕೆ?

ಸೋಮವಾರಪೇಟೆಯವ
ಸ್ವಲ್ಪ ತಡೆಯಿರಿ. ಕನ್ನಡ 1956ರಲ್ಲಿ ಬಸ್ಸು ಹತ್ತಿ ಬಂದದ್ದಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಆಡಳಿತವೇ ಕನ್ನಡದಲ್ಲಿತ್ತು. 1834ರಲ್ಲಿ ಬ್ರಿಟಿಷರು ಕೊಡಗು ಹಿಡಿದ ಮೇಲೂ ಕನ್ನಡ ಹೋಗಲಿಲ್ಲ. ನಮ್ಮಂಥವರಿಗೆ ಅದೇ ಮನೆಮಾತು, ನಾವೂ ಕೊಡಗಿನವರೇ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಹಾಡುಗಾರರನ್ನು ಕೂರಿಸಿ ಕೇಳಿ, ಕೊಡವ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ಬರೆದರು. 1924ರಲ್ಲಿ ಅದು ಬಂದದ್ದು ಯಾವ ಲಿಪಿಯಲ್ಲಿ? ಕನ್ನಡ ಲಿಪಿಯಲ್ಲಿ. ಅದಿಲ್ಲದಿದ್ದರೆ ಇವತ್ತು ಎಷ್ಟು ಹಾಡು ಉಳಿಯುತ್ತಿತ್ತು? ಇನ್ನೊಂದು, ಬೈಲುಗದ್ದೆಯವರಿಗೆ ದಂಡ ಹಾಕಿದ್ದು ಕನ್ನಡ ಮಾತಾಡಲಿ ಅಂತಲಾ?

ಹಾದಿಹೋಕ
ನೋಡಿ, ಪಟ್ಟೋಲೆ ಪಳಮೆಯೂ ಪೊಲೀಸರದ್ದೇ. ಹುಡುಗ ಹೇಳಿದ್ದು ಸುಳ್ಳಲ್ಲ.

ಮಂಜಿನೂರು
ದಂಡದ ಮಾತು ಒಪ್ಪಿದೆ. ಆದರೆ ಲಿಪಿ ವಿಷಯದಲ್ಲಿ ಪೂರ್ತಿ ಒಪ್ಪುವುದಿಲ್ಲ. ನನ್ನ ಮಗಳು 'ತಕ್ಕ್' ಅನ್ನುವುದನ್ನು ಪುಸ್ತಕ ನೋಡಿ ಓದಿದರೆ ಬಾಗಿಲು ಮುರಿದ ಸದ್ದು ಬರುತ್ತದೆ. ಅಜ್ಜಿ ಬಾಯಲ್ಲಿ ಅದು ಹಾಗಿಲ್ಲ.

ಪದಬೇಟೆ
ಅದು ನಿಜ. ಕೊಡವ ತಕ್ಕ್‌ನಲ್ಲಿ ಕನ್ನಡ ವರ್ಣಮಾಲೆಯಲ್ಲಿ ಇಲ್ಲದ ಸ್ವರಗಳಿವೆ. ಇಕಾರ, ಎಕಾರಗಳ ಹಾಗೆ, ಆದರೆ ನಾಲಿಗೆ ಸ್ವಲ್ಪ ಹಿಂದಕ್ಕೆ ಎಳೆದು ಹೇಳುವಂಥವು. ಅವಕ್ಕೆ ದೀರ್ಘವೂ ಇದೆ. 'ತಕ್ಕ್' ಕೊನೆಯಲ್ಲೂ ಅಂಥದ್ದೊಂದು ಚಿಕ್ಕ ಸ್ವರ ಇದೆ. ಬರೆಯುವಾಗ ಅರ್ಧ ಅಕ್ಷರ ಹಾಕಿ ಬಿಡುತ್ತೇವೆ. ಕಿವಿಯಲ್ಲಿ ಕೇಳಿದವರಿಗೆ ಅದು ಸಾಕು. ಕಣ್ಣಿನಲ್ಲಿ ಮಾತ್ರ ಕಲಿತವರಿಗೆ ಸಾಲದು.

ಅರೆಬಾಸೆಯವ
ಇಷ್ಟೊತ್ತು ಸುಮ್ಮನೆ ಓದುತ್ತಿದ್ದೆ. ಕೊಡಗು ಅಂದರೆ ಕೊಡವ ತಕ್ಕ್ ಮಾತ್ರ ಅನ್ನುವ ಹಾಗೆ ಮಾತು ನಡೆಯುತ್ತಿದೆ. ಇಲ್ಲಿನ ಗೌಡರಾದ ನಮ್ಮದೊಂದು ಅರೆಭಾಷೆ ಉಟ್ಟು, ಅಂದರೆ ಇದೆ. ಹೆಸರಲ್ಲೇ 'ಅರೆ' ಇದೆ ಅಂತ ಕ್ಲಾಸಿನಲ್ಲಿ ನಗುತ್ತಿದ್ದರು. 'ಉಟ್ಟು' ಅಂದರೆ 'ಏನು ಉಟ್ಟಿದ್ದೀಯಾ' ಅಂತ ಕೇಳುತ್ತಿದ್ದರು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ 'ಇದೆ' ಅನ್ನಲು ಕಲಿತಿದ್ದೆ. 2011ರಲ್ಲಿ ನಮಗೂ ಅಕಾಡೆಮಿ ಆಯಿತು, ಪುಸ್ತಕ ಬರುತ್ತಿವೆ, ಮಡಿಕೇರಿ ಆಕಾಶವಾಣಿಯಲ್ಲಿ ಕಾರ್ಯಕ್ರಮ ಬರುತ್ತದೆ. ಒಳ್ಳೆಯದೇ.

ಆದರೆ ನನ್ನ ಅತ್ತೆ ಮನೆ ಮಕ್ಕಂದೂರು ಕಡೆ ಇತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಬಂತು. ಜೀವ ಉಳಿಯಿತು, ಮನೆ ಹೋಯಿತು. ಈಗ ಪುನರ್ವಸತಿ ಬಡಾವಣೆಯಲ್ಲಿದ್ದಾರೆ. ಮನೆ ಚೆನ್ನಾಗಿದೆ, ಸಾಲಾಗಿದೆ. ಎಡಗಡೆ ಮಲಯಾಳ, ಬಲಗಡೆ ತಮಿಳು, ಎದುರು ಕೊಡವ. ಮಕ್ಕಳು ರಸ್ತೆಯಲ್ಲಿ ಕನ್ನಡದಲ್ಲಿ ಕ್ರಿಕೆಟ್ ಆಡುತ್ತಾರೆ. ಅದೂ ಚಂದವೇ, ಜಗಳ ಇಲ್ಲ. ಅತ್ತೆ ಮಾತ್ರ ಸಂಜೆ ಹೊತ್ತು ಜಗಲಿ ಇಲ್ಲದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹಳೇ ಊರಲ್ಲಿ ತೋಡಿನ ಆಚೆಯಿಂದ ಪಕ್ಕದ ಮನೆಯವರನ್ನು ಕೂಗಿ ಮಾತಾಡುತ್ತಿದ್ದರು. ಅಷ್ಟು ಜೋರಾಗಿ ಮಾತಾಡುವ ಅಗತ್ಯ ಈಗ ಇಲ್ಲ ಅನ್ನುತ್ತಾರೆ. ಅವರ ದನಿಯೇ ಸಣ್ಣದಾಗಿದೆ.

ಬೈಲುಗದ್ದೆ
ಅರೆಬಾಸೆಯವರೇ, ನಿಮ್ಮ ಅತ್ತೆಯ ಮಾತು ಓದಿ ಏನು ಬರೆಯಬೇಕು ಅಂತ ತೋಚಲಿಲ್ಲ. ನಾನು ಕೊಡವ ತಕ್ಕ್ ಒಂದನ್ನೇ ಮಾತಾಡಿದ್ದು ನಿಜ. ಕ್ಷಮಿಸಿ.

ಸೀಮೆಸುಣ್ಣ
ನಾನು ತಿತಿಮತಿ ಕಡೆ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವಳು. ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಎರವ ಮತ್ತು ಜೇನುಕುರುಬ ಬುಡಕಟ್ಟಿನ ಮಕ್ಕಳು. ಹಾಡಿಯಿಂದ, ಅಂದರೆ ಅವರ ಕೇರಿಯಿಂದ, ನಡೆದು ಬರುತ್ತಿದ್ದವರು. ಮೊದಲ ವರ್ಷ ಅವರನ್ನು ನಾನು 'ಮಂಕು' ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಏನು ಕೇಳಿದರೂ ನೆಲ ನೋಡುತ್ತಿದ್ದರು.

ಒಂದು ದಿನ 'ನಮ್ಮ ಸುತ್ತಲಿನ ಗಿಡಗಳು' ಪಾಠ. ಪುಸ್ತಕದಲ್ಲಿ ಗುಲಾಬಿ, ಸೂರ್ಯಕಾಂತಿ. ಕಕ್ಕಡ ತಿಂಗಳು, ಹೊರಗೆ ಜಡಿಮಳೆ, ಸೂರ್ಯಕಾಂತಿ ಎಲ್ಲಿಂದ ತರಲಿ? ಬೇಸರವಾಗಿ, ನಾಳೆ ಎಲ್ಲರೂ ಒಂದೊಂದು ಸೊಪ್ಪು ತನ್ನಿ ಅಂದೆ. ಮಾರನೇ ದಿನ ಮೇಜಿನ ಮೇಲೆ ಕಾಡೇ ಬಂದಿತ್ತು. ಮೂಲೆಯಲ್ಲಿ ಕೂರುವ ಒಬ್ಬ ಹುಡುಗ, ನಾಲ್ಕನೇ ಕ್ಲಾಸು, ಎದ್ದು ಬಂದು ಒಂದೊಂದೇ ಎತ್ತಿ ಹೆಸರು ಹೇಳಲು ಶುರು ಮಾಡಿದ. ಇದು ಗಾಯಕ್ಕೆ, ಇದು ಮೀನಿಗೆ, ಇದನ್ನು ತಿಂದರೆ ಬಾಯಿ ಕೆರೆಯುತ್ತದೆ, ಇದನ್ನು ಬಾಣಂತಿಗೆ ಕೊಡುತ್ತಾರೆ, ಇದು ಆನೆ ಮುಟ್ಟುವುದಿಲ್ಲ. ಹೆಸರು ಎಲ್ಲಾ ಅವರ ಮಾತಿನಲ್ಲಿ. ನಾನು ಬೋರ್ಡಿನ ಮೇಲೆ ಬರೆಯುತ್ತಾ ಹೋದೆ. ಬೋರ್ಡು ತುಂಬಿತು, ಅಳಿಸಲು ಮನಸ್ಸು ಬರಲಿಲ್ಲ. ನನಗೆ ಗೊತ್ತಿದ್ದದ್ದು ಅದರಲ್ಲಿ ಎರಡೇ, ಒಂದು ಮದ್ದುಸೊಪ್ಪು. ಕಕ್ಕಡ ಹದಿನೆಂಟಕ್ಕೆ ನಾವೆಲ್ಲ ಪಾಯಸ ಮಾಡುತ್ತೇವಲ್ಲ, ಅದು.

ಆ ಹೆಸರುಗಳಿಗೆ ಕನ್ನಡದಲ್ಲಿ ಪದ ಇರಬಹುದು, ನನಗೆ ಗೊತ್ತಿರಲಿಲ್ಲ. ನಾನು ಅವನಿಗೆ ಕನ್ನಡ ಕಲಿಸಿದೆ. ಈಗ ಅವನು ಬೆಂಗಳೂರಿನಲ್ಲಿ ಯಾವುದೋ ಗೋಡೌನಿನಲ್ಲಿ ಸೆಕ್ಯುರಿಟಿ. ಹೋದ ವರ್ಷ ಸಿಕ್ಕಿದ್ದ, ಚಂದದ ಕನ್ನಡ ಮಾತಾಡಿದ. ಸೊಪ್ಪಿನ ಹೆಸರು ಕೇಳಿದೆ. ಆರೋ ಏಳೋ ಹೇಳಿ ನಕ್ಕು, "ಮರೆತುಹೋಯ್ತು ಮಿಸ್, ಅಲ್ಲಿ ಯಾರ ಹತ್ತಿರ ಹೇಳೋದು" ಅಂದ. ಹೆಸರು ಮರೆತ ಸೊಪ್ಪಿನ ಗುಣ ನೆನಪಿದೆಯಾ ಅಂತ ಕೇಳಿದೆ. ಅದೂ ಇರಲಿಲ್ಲ.

ಇಲ್ಲಿ ಇಷ್ಟು ಜನ ಅಕಾಡೆಮಿ, ಪುಸ್ತಕ, ಲಿಪಿ ಅನ್ನುತ್ತಿದ್ದೀರಿ. ಎರವರ ಮಾತಿಗೆ ಅಂಥದ್ದು ಸಿಕ್ಕಿದ್ದು ನಾನು ನೋಡಿಲ್ಲ. ಅವರ ಬಗ್ಗೆ ಎಲ್ಲರಿಗೂ ಗೊತ್ತಿರುವುದು ಕುಂಡೆ ಹಬ್ಬ ಒಂದೇ. ಮೇ ತಿಂಗಳಲ್ಲಿ ವೇಷ ಹಾಕಿಕೊಂಡು, ಗೋಣಿಕೊಪ್ಪ ರಸ್ತೆಯಲ್ಲಿ ಎಲ್ಲರನ್ನೂ ಬೈದು ಹಾಡಿ ದೇವರಪುರಕ್ಕೆ ಹೋಗುತ್ತಾರಲ್ಲ, ಅದು. ವರ್ಷಕ್ಕೆ ಒಂದು ದಿನ ಅವರು ಬಾಯಿ ಬಿಡುವುದನ್ನು ನಾವು ಕಾರಿನ ಗಾಜು ಏರಿಸಿಕೊಂಡು ಫೋಟೋ ತೆಗೆಯುತ್ತೇವೆ.

ಕಾಫಿಕಣ
ಟೀಚರ್, ನಿಮ್ಮ ಮಾತು ಚುಚ್ಚಿತು. ನಮ್ಮ ತೋಟದ ಆಳುಗಳ ಲೈನ್ ಮನೆಯಲ್ಲಿ ಎರವರು ಮೂರು ತಲೆಮಾರಿನಿಂದ ಇದ್ದಾರೆ. ಅವರಿಗೆ ನಮ್ಮ ಮಾತು ಬರುತ್ತದೆ. ನನಗೆ ಅವರದ್ದು ನಾಲ್ಕು ಪದ ಬರುವುದಿಲ್ಲ.

ಕೆಲಸ ಹೋದರೆ ಪದ ಹೋಗುತ್ತದೆ ಅಂತ ಮೊದಲು ಬರೆದಿದ್ದೆ. ಇವತ್ತು ಅದಕ್ಕೆ ಸ್ವಲ್ಪ ತಿದ್ದುಪಡಿ. ನಾನು ನಮ್ಮ ಒಕ್ಕದ ಕಡೆಯಿಂದ ಮದುವೆಗಳಲ್ಲಿ ಅರುವ ಆಗಿ ನಿಲ್ಲುತ್ತೇನೆ. ಅರುವ ಅಂದರೆ ಅರಿತವನು. ಸಮ್ಮಂಧ ಕೊಡುವಾಗ ಎರಡೂ ಕಡೆಯ ಅರುವರು ಎದುರುಬದುರು ನಿಂತು ಮಾತಾಡಬೇಕು. ಬರುವ ಹೆಣ್ಣಿಗೆ ಈ ಮನೆಯಲ್ಲಿ, ಗದ್ದೆಯಲ್ಲಿ, ದನಕರುವಿನಲ್ಲಿ ಹಕ್ಕಿದೆ ಅಂತ ಬಾಯಿಬಿಟ್ಟು ಹೇಳಬೇಕು. ಕೈಗೆ ಕಲ್ಲು ಎಣಿಸಿ ಕೊಡಬೇಕು. ಅದು ಅಲಂಕಾರದ ಮಾತಲ್ಲ, ಕರಾರು. ಕಾಗದ ಇಲ್ಲದ ಕಾಲದ ರಿಜಿಸ್ಟ್ರಿ. ಹೋದ ತಿಂಗಳು ಒಂದು ಮದುವೆಯಲ್ಲಿ ಎದುರಿನ ಹುಡುಗ ಜೇಬಿನಿಂದ ಜೆರಾಕ್ಸ್ ತೆಗೆದು ಓದಿದ. ಮಧ್ಯದಲ್ಲಿ ಒಂದು ಸಾಲು ಹಾರಿಸಿದ. ನನಗೆ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಫೋಟೋಗ್ರಾಫರ್ ಕಡೆ ನೋಡುತ್ತಿದ್ದರು. ಹಾರಿಹೋದದ್ದು ದನಕರುವಿನ ಸಾಲು. ಯಾರ ಮನೆಯಲ್ಲೂ ದನ ಇಲ್ಲ ಬಿಡಿ. ಆದರೂ ನಾನು ತಡೆದು, ಮತ್ತೆ ಹೇಳು ಅಂದೆ. ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು.

ಕಡಲಕರೆ
ಒಳ್ಳೆ ಕೆಲಸ ಮಾಡಿದ್ರಿ.

ಬೈಲುಗದ್ದೆ
ನಿನ್ನೆ ಭಾನುವಾರ ಊರಿಗೆ ಫೋನ್ ಮಾಡಿದೆ, ತಾಯಿಯ ಹತ್ತಿರ ಮಾತಾಡಲು. ಕೊಡವರಲ್ಲದವರಿಗೆ: ನಮ್ಮಲ್ಲಿ ತಾಯಿ ಅಂದರೆ ಅಜ್ಜಿ, ಅಮ್ಮನಿಗೆ ಅವ್ವ ಅನ್ನುತ್ತೇವೆ. ನಾನು ಒಂದನೇ ಕ್ಲಾಸಿನಲ್ಲಿ 'ತಾಯಿಯ ಹೆಸರು ಬರೆಯಿರಿ' ಅಂದಾಗ ಅಜ್ಜಿಯ ಹೆಸರು ಬರೆದು ತಪ್ಪು ಹಾಕಿಸಿಕೊಂಡಿದ್ದೆ. ನನ್ನ ಮಗ ಆ ತಪ್ಪು ಮಾಡುವುದಿಲ್ಲ. ಅವನಿಗೆ ನಾನು ಅವ್ವ ಅಲ್ಲ, ಅಮ್ಮ.

ಪೊಲಿ ಅಂದರೆ ಏನು ಅಂತ ಕೇಳಿದೆ. ತಾಯಿಗೆ ಎಂಬತ್ತೆಂಟು. ಅರ್ಥ ಹೇಳಲೇ ಇಲ್ಲ. ಅವರು ಮದುವೆಯಾಗಿ ಬಂದ ಎರಡನೇ ವರ್ಷ ಮಳೆಗೆ ಅಗೆ ಕೊಳೆತದ್ದು, ಅಜ್ಜ ಎಲ್ಲಿಂದಲೋ ಅಗೆ ತಂದು ಮತ್ತೆ ನಾಟಿ ಮಾಡಿದ್ದು, ಆ ಪುತ್ತರಿಗೆ ಕದಿರು ಇನ್ನೂ ಹಸಿರಾಗಿದ್ದದ್ದು, ಕೂಗುವಾಗ ಅಜ್ಜನ ಗಂಟಲು ಕಟ್ಟಿದ್ದು, ಎಲ್ಲಾ ಹೇಳಿದರು. ಕೊಡವ ತಕ್ಕ್‌ನಲ್ಲಿ, ಇಪ್ಪತ್ತು ನಿಮಿಷ. ಮಗ ಪಕ್ಕದಲ್ಲೇ ಕೂತಿದ್ದ, ಫೋನ್ ಸ್ಪೀಕರ್‌ನಲ್ಲಿತ್ತು. ನಾನು ಮಧ್ಯೆ ಮಧ್ಯೆ ಕನ್ನಡದಲ್ಲಿ ಹೇಳುತ್ತಿದ್ದೆ. ಮೂರನೇ ಸಲಕ್ಕೆ ಅವನು ನನ್ನ ಬಾಯಿ ಮುಚ್ಚಿದ, ನಿಜವಾಗಿಯೂ ಕೈ ಇಟ್ಟು. "ನೀನು ಹೇಳೋದು ಚಿಕ್ಕದು ಅಮ್ಮ, ಅವರು ಹೇಳೋದು ಉದ್ದ ಇದೆ" ಅಂದ.

ಅವನಿಗೆ ಕಾಲು ಭಾಗ ಅರ್ಥ ಆಗಿರಬಹುದು, ಅಷ್ಟೇ. ಆದರೂ ಕೊನೆತನಕ ಕೇಳಿದ. ಇನ್ನು ಭಾನುವಾರ ನಾನು ತರ್ಜುಮೆ ಮಾಡುವುದಿಲ್ಲ ಅಂತ ಮಾತಾಗಿದೆ.

ಸಿದ್ದಾಪುರದಿಂದ
ಬೇಕಾದರೆ ನನ್ನ ನಂಬರ್‌ಗೂ ಹಚ್ಚಿ. ದಿನಸಿ ಪಟ್ಟಿ ಕೊಡವ ತಕ್ಕ್‌ನಲ್ಲಿ ಹೇಳಿದರೆ ಅವನಿಗೆ ಒಂದು ಚಾಕೊಲೇಟ್.

ಸೀಮೆಸುಣ್ಣ
ಆ ಹುಡುಗ ಹೇಳಿದ ಸೊಪ್ಪಿನ ಹೆಸರುಗಳ ಪುಟ ಹಳೇ ಹಾಜರಿ ಪುಸ್ತಕದ ಹಿಂದೆ ಸಿಕ್ಕಿತು. ಮೂವತ್ತೊಂದು ಹೆಸರು. ಅವನ ಅಮ್ಮ ಇನ್ನೂ ಹಾಡಿಯಲ್ಲೇ ಇದ್ದಾರೆ. ಈ ವಾರ ಹೋಗುತ್ತೇನೆ.

ಹಾದಿಹೋಕ
ಪುತ್ತರಿಯ ಸಿಹಿ ತಂಬುಟ್ಟು ಉಳಿದಿದ್ದರೆ ಯಾರಾದರೂ ಕಳಿಸಿ. ಇಷ್ಟು ಓದಿ ಹಸಿವಾಯಿತು.

ಬೈಲುಗದ್ದೆ
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಮಗ ನನ್ನ ಫೋನ್ ಚಾರ್ಜಿಗೆ ಹಾಕಿ ಮುಂದೆ ಕೂತಿದ್ದ. 41, 42, 43. ನಾನು ಅಡುಗೆಮನೆಯಲ್ಲಿದ್ದೆ. ಒಳಗಿನಿಂದ ದನಿ ಬಂತು: "ಪೊಲಿ ಪೊಲಿ ದೇವಾ!"

ಇದನ್ನು ತಾಯಿಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಅಲ್ಲಿ ಕರೆಂಟ್ ಉಂಡಾ?" ಲೈನ್ ಮೇಲೆ ಮರ ಬಿದ್ದು ಊರಲ್ಲಿ ಮೂರು ದಿನದಿಂದ ಇಲ್ಲವಂತೆ.